ಸುಮಿತ್ರಾ ತಿನ್ನದ ಅಣಬೆ

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. ಕಾರಣವಿಲ್ಲದೆ ಏನೂ ನಡೆಯುವುದಿಲ್ಲ, ಆ ಕಾರಣ ನಮಗೆ ಗೊತ್ತಿರದೆ ಇರಬಹುದು ಅಷ್ಟೆ ಎಂದು ಮಕ್ಕಳಿಗೆ ಹೇಳುತ್ತ ಬಂದವಳು. ಯಾರಾದರೂ ದೃಷ್ಟಿ, ಮಾಟ ಎಂದು ಮಾತು ತೆಗೆದರೆ ಚಹಾ ಮಾಡುವ ನೆವದಲ್ಲಿ ಎದ್ದು ಹೋಗುತ್ತಿದ್ದೆ. ಈಗಲೂ ಅದನ್ನೆಲ್ಲ ನಂಬುತ್ತೇನೆ ಎನ್ನಲಾರೆ. ಆದರೆ ಕೆಲವು ವರ್ಷಗಳ ಹಿಂದೆ ಪುಣೆಯಲ್ಲಿ, ನಾನಿರುವ ಕಟ್ಟಡದಲ್ಲೇ ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಓದಿ ನೀವು ಏನು ಬೇಕಾದರೂ ಅಂದುಕೊಳ್ಳಿ.

ಯೆರವಡಾದ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ನನ್ನ ಮೇಲಿನ ಮನೆ ಗಿರೀಶ, ಸುಮಿತ್ರಾ ಅವರದು. ಬೆಳಗಾವಿ ಕಡೆಯವರು, ಬಟ್ಟೆ ವ್ಯಾಪಾರ. ಆ ಕಟ್ಟಡದಲ್ಲಿ ಮನೆಯೊಳಗೆ ಕನ್ನಡ ಮಾತಾಡುವವರು ನಾವಷ್ಟೇ ಇದ್ದುದರಿಂದ ಸುಮಿತ್ರಾ ರೊಟ್ಟಿ ಬಡಿದಾಗೆಲ್ಲ ನನ್ನ ಪಾಲಿನದು ಕೆಳಗೆ ಬರುತ್ತಿತ್ತು.

ಆ ಶ್ರಾವಣದಲ್ಲಿ ಗಿರೀಶನ ಅಣ್ಣ ಬಸವರಾಜ ಊರಿನಿಂದ ಬಂದಿದ್ದರು. ಅಣ್ಣತಮ್ಮಂದಿರು ಭಾನುವಾರ ಲೋಣಾವಳಾಕ್ಕೆ ಹೋಗಿ, ಒಣಗಿದ ಮರವೊಂದರ ಬುಡದಲ್ಲಿ ಗೊಂಚಲು ಗೊಂಚಲಾಗಿ ಎದ್ದಿದ್ದ ಅಣಬೆ ಕಿತ್ತು ತಂದರು. ಮೊಬೈಲಿನಲ್ಲಿ ಫೋಟೋ ಹಾಕಿ ನೋಡಿದರೆ ಜೇನಣಬೆ, ತಿನ್ನಬಹುದು ಎಂದು ಬಂತಂತೆ. ಸೋಮವಾರ ಮಧ್ಯಾಹ್ನ ಸುಮಿತ್ರಾ ಅದರ ಪಲ್ಯ ಮಾಡಿದಳು. ಅವಳಿಗೆ ಶ್ರಾವಣ ಸೋಮವಾರದ ಉಪವಾಸ. ಉಪ್ಪು ನೋಡಲು ಕೂಡ ಬಾಯಿಗೆ ಹಾಕಲಿಲ್ಲ. ಸಂಜೆ ಪೂಜೆ ಮುಗಿಸಿ ಸಾಬುದಾಣಿ ಖಿಚಡಿ ತಿಂದಳು.

ಮರುದಿನ ಬೆಳಿಗ್ಗೆ ಗಿರೀಶ ಉಳಿದ ಅಣಬೆಯ ತಟ್ಟೆ ಹಿಡಿದು ಬಂದ.

"ಅಕ್ಕಾರ, ನೋಡ್ರಿ ಎಷ್ಟ ಛಲೋ ಅದಾವ. ನೀವೂ ಪಲ್ಯ ಮಾಡ್ಕೊಳ್ರಿ."

ದೊಡ್ಡವು ಜೇನಣಬೆಗಳೇ. ಜೇನಿನ ಬಣ್ಣದ ಕೊಡೆ, ಕಾಲಿಗೆ ದಪ್ಪ ಬಳೆಯಂಥ ಉಂಗುರ. ಆದರೆ ಅವುಗಳ ನಡುವೆ ಸಣ್ಣ, ನುಣುಪಾದ ಕೆಲವು ಬೇರೆಯೇ ಇದ್ದವು. ತಿರುಗಿಸಿ ನೋಡಿದರೆ ಕೊಡೆಯ ಕೆಳಗಿನ ಪದರಗಳು ತುಕ್ಕಿನ ಬಣ್ಣ. ಅವು ವಿಷದ ಜಾತಿಯವು. ಜೇನಣಬೆ ಬೇರಿನೊಳಗೆ ಹೊಕ್ಕು ಮರವನ್ನು ಕೊಲ್ಲುತ್ತದೆ. ಸತ್ತ ಆ ಮರದ ಮೇಲೆಯೇ ಈ ವಿಷದ ಅಣಬೆಯೂ ಬೆಳೆಯಬಲ್ಲದು. ಎಲೆಯೇ ಇಲ್ಲದ ಒಂದು ಆರ್ಕಿಡ್ ಗಿಡವಿದೆ, ಅದು ಜೇನಣಬೆಯನ್ನೇ ಉಂಡು ಬದುಕುತ್ತದೆ. ಯಾರು ಯಾರನ್ನು ತಿಂದು ಬದುಕುತ್ತಾರೆ ಎಂದು ಬೋರ್ಡಿನ ಮೇಲೆ ಬಾಣ ಎಳೆದು ಎಷ್ಟೋ ಸಲ ಪಾಠ ಮಾಡಿದ್ದೆ. ಆ ಬಾಣಗಳು ಗುರುತಿನವರ ಮನೆಗೆ ಬಂದು ನಿಂತದ್ದನ್ನು ನೋಡಿರಲಿಲ್ಲ.

ಈ ವಿಷ ಕೂಡಲೇ ತೋರುವುದಿಲ್ಲ. ಬಹಳ ಹೊತ್ತು ಸುಮ್ಮನಿದ್ದು ವಾಂತಿ ಬರಿಸುತ್ತದೆ, ನಡುವೆ ಒಂದು ದಿನ ಗುಣವಾದಂತೆ ಕಾಣಿಸುತ್ತದೆ, ಆಮೇಲೆ ಯಕೃತ್ತನ್ನು ಹಿಡಿಯುತ್ತದೆ. ಅಣ್ಣತಮ್ಮ ಇಬ್ಬರನ್ನೂ ಆಸ್ಪತ್ರೆಗೆ ಸೇರಿಸಿದೆವು. ಮನೆಗೆ ಬಂದು ಅಣಬೆಯ ಕೊಡೆಗಳನ್ನು ಗಾಜಿನ ಮೇಲೆ ಬೋರಲು ಹಾಕಿಟ್ಟೆ. ಸಂಜೆಗೆ ದೊಡ್ಡವುಗಳ ಕೆಳಗೆ ಬಿಳಿ ಪುಡಿ ಉದುರಿತ್ತು, ಸಣ್ಣವುಗಳ ಕೆಳಗೆ ಕಂದು ಪುಡಿ. ಅನುಮಾನ ಉಳಿಯಲಿಲ್ಲ.

ಆದರೆ ಅವರಿಬ್ಬರಿಗೂ ಏನೂ ಆಗಲಿಲ್ಲ. ವಾಂತಿಯಿಲ್ಲ, ರಕ್ತದ ಪರೀಕ್ಷೆಯಲ್ಲಿ ಒಂದೂ ಏರುಪೇರಿಲ್ಲ. ಅವರ ಪಾಲಿಗೆ ಒಳ್ಳೆಯ ಅಣಬೆಯೇ ಬಂದಿರಬೇಕು ಎಂದು ಸಮಾಧಾನಪಟ್ಟೆ. ಆದರೆ ಅಂದು ರಾತ್ರಿ ಅವರಿಗೆ ಊಟದ ಡಬ್ಬಿ ತಂದಿದ್ದ ಸುಮಿತ್ರಾ ವಾರ್ಡಿನ ಬಾಗಿಲಲ್ಲೇ ವಾಂತಿ ಮಾಡಿಕೊಂಡು ಕುಸಿದಳು.

ಡಾಕ್ಟರು ಕೇಳಿದರು, ನಾನೂ ಕೇಳಿದೆ. ಗಂಡನನ್ನು ಹೊರಗೆ ಕಳಿಸಿ ಮತ್ತೆ ಕೇಳಿದೆ.

"ಖರೇ ಹೇಳವಾ, ಒಂದ್ ಚೂರರ ಬಾಯಾಗ ಹಾಕ್ಕೊಂಡಿದ್ದೇನು?"

ಅವಳು ಕೊರಳಲ್ಲಿದ್ದ ಲಿಂಗವನ್ನು ಅಂಗೈಯಲ್ಲಿ ಹಿಡಿದಳು. "ಇಲ್ರಿ ಅಕ್ಕಾರ. ಉಪವಾಸದಾಗ ಯಾಕ ತಿನ್ನಲಿ? ಆದ್ರ ಬಾಯಿ ತುಂಬ ಅದೇ ರುಚಿ ಅದ. ಮೊದಲ ಸಿಹಿ, ಆಮ್ಯಾಲ ಒಗರು. ನೀರ ಕುಡದ್ರೂ ಹೋಗವಲ್ದು."

ಬಸವರಾಜರಿಗೆ ಇದನ್ನು ಹೇಳಿದಾಗ ಅವರು ನನ್ನ ಮುಖವನ್ನೇ ನೋಡಿದರು. "ನಮಗ ಆ ಪಲ್ಯಾ ರುಚೀನ ಹತ್ತಲಿಲ್ಲರಿ. ಹುಲ್ಲ ತಿಂದಂಗ ಇತ್ತು. ಮಾಡಿದಾಕಿ ಬ್ಯಾಸರ ಮಾಡ್ಕೋತಾಳಂತ ಸುಮ್ನ ಉಂಡ್ವಿ."

ಮರುದಿನ ಸುಮಿತ್ರಾ ಎದ್ದು ಕುಳಿತಳು. ಹಸಿವೆ ಎಂದಳು, ಗಂಜಿ ಕುಡಿದಳು. ಗಿರೀಶ ಖುಷಿಯಲ್ಲಿ ನರ್ಸುಗಳಿಗೆಲ್ಲ ಪೇಢೆ ಹಂಚಿದ. ನನಗೂ ಒಂದು ಕೊಟ್ಟ. ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತೆ. ಆ ಗುಣವಾದಂಥ ದಿನ ಏನೆಂದು ಅಲ್ಲಿ ನನಗೂ ಡಾಕ್ಟರಿಗೂ ಮಾತ್ರ ಗೊತ್ತಿತ್ತು. ನನ್ನ ಓದು ಆವತ್ತು ನನಗೆ ಕೊಟ್ಟದ್ದು ಅಷ್ಟೇ. ಮುಂದೆ ಏನಾಗುತ್ತದೆ ಎಂದು ಗೊತ್ತಿತ್ತು, ತಡೆಯುವುದು ಹೇಗೆಂದು ಗೊತ್ತಿರಲಿಲ್ಲ.

ಅವಳ ಕಣ್ಣು ಹಳದಿಯಾಯಿತು. ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಬೇರೆ ಯಕೃತ್ತು ಜೋಡಿಸುವ ಮಾತು ನಡೆದಿತ್ತು, ಅಷ್ಟರಲ್ಲಿ ತೀರಿಕೊಂಡಳು. ಕಾಮಾಲೆಯ ಪರೀಕ್ಷೆ, ಔಷಧಿಗಳ ಪರೀಕ್ಷೆ, ಯಾವುದರಲ್ಲೂ ಕಾರಣ ಸಿಗಲಿಲ್ಲ. ಹಿರಿಯ ಡಾಕ್ಟರೊಬ್ಬರು, ಇದು ನೂರಕ್ಕೆ ನೂರು ಅಣಬೆಯ ವಿಷದಂತೆಯೇ ಇದೆ, ತಿಂದಿಲ್ಲ ಅನ್ನುವುದೊಂದು ಬಿಟ್ಟರೆ ಎಂದು ಮರಾಠಿಯಲ್ಲಿ ಹೇಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ನಾನು ಎಲ್ಲ ದಾರಿಯಲ್ಲೂ ಯೋಚಿಸಿದ್ದೇನೆ. ಹೆಚ್ಚುವಾಗ ಕೈಗೆ ತಾಗಿದರೆ ಈ ವಿಷ ಏರುವುದಿಲ್ಲ. ಖಿಚಡಿ ಮಾಡಿದ ಪಾತ್ರೆ ಬೇರೆ. ಸುಳ್ಳು ಹೇಳಿದಳೆಂದರೆ, ಸಾಯುವಾಗ ಅವಳಿಗೆ ಅದರಿಂದ ಏನು ಸಿಗಬೇಕಿತ್ತು? ಗಂಡನ ಪಾಲಿನದು ಹೆಂಡತಿಗೆ ಬಂತು ಎಂದು ಸೊಸೈಟಿಯ ಹೆಂಗಸರು ಮಾತಾಡಿಕೊಂಡರು. ನಾನು ಬೈದು ಬಾಯಿ ಮುಚ್ಚಿಸಿದೆ. ಅದಕ್ಕೆ ಬದಲಾಗಿ ಹೇಳಲು ನನ್ನ ಹತ್ತಿರವೂ ಏನೂ ಇರಲಿಲ್ಲ.

ಗಿರೀಶ ಈಗಲೂ ಮೇಲಿನ ಮನೆಯಲ್ಲೇ ಇದ್ದಾನೆ. ಅವನಿಗೆ ಇವತ್ತಿನವರೆಗೆ ಒಂದು ನೆಗಡಿ ಬಂದದ್ದೂ ನಾನು ಕಾಣೆ. ಅದೇ ಅವನಿಗೆ ಸಹಿಸಲಾಗದ್ದು. ಒಮ್ಮೊಮ್ಮೆ ಅಂಗಡಿಯಿಂದ ಬರುವಾಗ ನನ್ನ ಬಾಗಿಲಲ್ಲಿ ನಿಲ್ಲುತ್ತಾನೆ, ಒಳಗೆ ಬಾ ಎಂದರೆ ಬರುವುದಿಲ್ಲ.

"ತಿಂದಾಂವ ನಾ, ಅಕ್ಕಾರ. ಅಕಿಗ್ಯಾಕ ಆತು?" ಎಂದು ಕೇಳುತ್ತಾನೆ. ಉಳಿದವರಿಗೆ ಗೊತ್ತಿರದಿದ್ದರೂ ಓದಿದ ನನಗೆ ಗೊತ್ತಿರಲೇಬೇಕು ಎಂಬಂತೆ ಕಾಯುತ್ತಾನೆ. ಆಮೇಲೆ ಅವನೇ "ಆತ ಬಿಡ್ರಿ" ಎಂದು ಮೆಟ್ಟಿಲು ಹತ್ತಿ ಹೋಗುತ್ತಾನೆ.