ನೂಲಿನ ಹಾರದ ಮುಯ್ಯಿ

ಅವನ ಹೆಸರು ಹೇಳಿ ನಾಲಿಗೆ ಹೊಲಸು ಮಾಡಿಕೊಳ್ಳುವುದಿಲ್ಲ. ಚಾಮರಾಜನಗರದಲ್ಲಿ ಕಡಲೆಕಾಯಿ ಎಣ್ಣೆಯ ಮಿಲ್ಲು, ಗುಂಡ್ಲುಪೇಟೆಯಲ್ಲಿ ಮಂಡಿ ಇಟ್ಟಿದ್ದ ಸಾಹುಕಾರ. ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಚುನಾವಣೆ ಬಂದದ್ದೇ ತಡ, ರೇಷ್ಮೆ ಪಂಚೆ ಬಿಚ್ಚಿಟ್ಟು ಖಾದಿ ಉಟ್ಟ, ಪಕ್ಷಕ್ಕೆ ವಂತಿಗೆ ಎತ್ತುವವನಾದ. ಮೊದಲು ತಾನು ಟೋಪಿ ಹಾಕಿಕೊಂಡ, ಆಮೇಲೆ ತಾಲ್ಲೂಕಿಗೆಲ್ಲ ಹಾಕಿದ.

ಬೇಗೂರಿನ ಹತ್ತಿರದ ನಮ್ಮ ಹಳ್ಳಿಗೂ ಅವನ ಜೀಪು ಬಂತು. ಅಪ್ಪ ಬೆಳೆದ ಕಡಲೆಕಾಯಿ ಹೋಗುತ್ತಿದ್ದುದು ಅವನ ಮಿಲ್ಲಿಗೇ. ಹಾಗಾಗಿ ಅವ್ವ ಹಬ್ಬದ ಅಡಿಗೆಯನ್ನೇ ಬಡಿಸಿದಳು. ಉಂಡು ತೇಗಿ, ಒಳಬಾಗಿಲಲ್ಲಿ ನಿಂತಿದ್ದ ನನ್ನ ಕೊರಳನ್ನು ನೋಡಿದ. ನನ್ನ ಮದುವೆಗೆಂದು ಮಾಡಿಸಿಟ್ಟಿದ್ದ ಚಿನ್ನದ ಅಡ್ಡಿಕೆಯನ್ನು ದೊಡ್ಡವರು ಮನೆಗೆ ಬಂದರೆಂದು ಹಾಕಿಕೊಂಡಿದ್ದೆ. ಅಕ್ಕಸಾಲಿಯ ಹತ್ತಿರ ಕೆಂಪು ಹರಳು ಸಾಲದೆ ನಡುವೆ ಒಂದು ಹಸಿರು ಹರಳು ಕೂರಿಸಿದ್ದ ಒಡವೆ ಅದು.

"ಮಂತ್ರಿಗಳ ಮುಂದೆ ನಿಮ್ಮೂರ ಮರ್ವಾದೆ ಉಳೀಬೇಕು ಯಜಮಾನ್ರೆ. ಇದ್ನ ವಂತಿಗೆ ಅನ್ಕೋಬ್ಯಾಡಿ, ನಮ್ಮನೆಗೆ ಮುಯ್ಯಿ ಆಕ್ದಂಗೆ ಅನ್ಕೊಳಿ. ಕೂಸಿನ ಮದ್ವೇಲಿ ನಾನೇ ಬಂದು ತೀರುಸ್ತೀನಿ," ಅಂದ.

ಅಪ್ಪ ಬಿದ್ದದ್ದು ಆ ಒಂದು ಮಾತಿಗೆ. ನಮ್ಮ ಕಡೆ ಮದುವೆಗೆ ಮುಯ್ಯಿಯೆಂದು ಬಂದ ಉಡುಗೊರೆಗೆ ಸಮನಾದದ್ದನ್ನು ಕೊಟ್ಟವರ ಮನೆಯ ಮದುವೆಯಲ್ಲಿ ಹಿಂದಿರುಗಿಸಬೇಕು, ಅದನ್ನು ಚಪ್ಪರದಲ್ಲಿ ಕೂಗಿ ಹೇಳಬೇಕು. ಸಾಲ ಮುಳುಗಿಸಿದವರಿದ್ದರು, ಮುಯ್ಯಿ ಮುಳುಗಿಸಿದವನನ್ನು ಯಾರೂ ಕಂಡಿರಲಿಲ್ಲ. ಅವ್ವ ಬೇಡ ಬೇಡ ಅಂದರೂ ಅಪ್ಪ ಬಿಚ್ಚಿಸಿ ಕೊಟ್ಟ.

ಅಡ್ಡಿಕೆ ಹಾಕುತ್ತೇವೆಂದು ಸಂತೆಮರಹಳ್ಳಿಯ ಬೀಗರಿಗೆ ಮಾತು ಕೊಟ್ಟಾಗಿತ್ತು. ಮುಹೂರ್ತದ ದಿನ ಮಹಾನುಭಾವ ಬಂದ. ಅಪ್ಪನ ಕತ್ತಿಗೆ ಖಾದಿ ನೂಲಿನ ಹಾರವೊಂದನ್ನು ಹಾಕಿ, ದೇಶಸೇವೆಯ ಬಗ್ಗೆ ಭಾಷಣ ಬಿಗಿದು, ಪಾಯಸ ಮತ್ತೆ ಮತ್ತೆ ಹಾಕಿಸಿಕೊಂಡು ಹೊರಟೇಹೋದ. ಕೂಗುವವನು ಕಾದು ಕಾದು ಕೊನೆಗೆ, "ಸಾವ್ಕಾರ್ರ ಮುಯ್ಯಿ, ನೂಲಿನ ಆರ," ಎಂದ. ಬೀಗರು ನಕ್ಕರು. "ಬರಿಗತ್ತಲ್ಲಿ ಬಂದೋಳು" ಎಂದು ಅತ್ತೆಯ ಬಾಯಲ್ಲಿ ಅನ್ನಿಸಿಕೊಳ್ಳದ ದಿನವಿರಲಿಲ್ಲ.

ಮುಂದೆ ಅವನ ಮಗಳ ಮದುವೆ ಬಂತು. ಅಪ್ಪ ನನ್ನನ್ನೂ ಕರೆದುಕೊಂಡು ಚಾಮರಾಜನಗರಕ್ಕೆ ಹೋದ. ಅರಿಶಿನದ ಕಲೆ ಹಿಡಿದಿದ್ದ ಅದೇ ಹಾರವನ್ನು ಎಲೆ ಅಡಿಕೆಯ ತಟ್ಟೆಯಲ್ಲಿಟ್ಟು, "ಗಟ್ಟಿಯಾಗಿ ಕೂಗ್ಲಾ," ಎಂದು ಕೂಗುವವನಿಗೆ ಹೇಳಿದ. "ಬೇಗೂರು ಕಡೆಯೋರ ಮುಯ್ಯಿ, ನೂಲಿನ ಆರ," ಎಂದು ಅವನು ಕೂಗಿದಾಗ ಮುಂದಿನ ಸಾಲಿನ ಖಾದಿಗಳೆಲ್ಲ ತಿರುಗಿ ನೋಡಿದವು. ಆ ನಾಚಿಕೆಗೆಟ್ಟ ಸಾಹುಕಾರನಿಗೆ ಅವಮಾನವೂ ಅರ್ಥವಾಗಲಿಲ್ಲ. ಹಾರ ಕಂಡೊಡನೆ ಅಭ್ಯಾಸದಂತೆ ಕತ್ತು ಬಗ್ಗಿಸಿ ನಿಂತ. ಅವನು ಬಗ್ಗಿದಾಗ ಹಿಂದೆ ಕೂತಿದ್ದ ಮದುವಣಗಿತ್ತಿ ಕಂಡಳು. ಅವಳ ಕೊರಳಲ್ಲಿ ನನ್ನ ಅಡ್ಡಿಕೆಯಿತ್ತು, ಕೆಂಪು ಹರಳುಗಳ ನಡುವೆ ಅದೇ ಹಸಿರು ಹರಳು.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ನನ್ನ ಕೈ ಹಿಡಿದ.

"ಆ ಎಣ್ಣುಮಗ ಏನ್ ಮಾಡಾಳು ಬುಡು. ಈ ಮನೇಲಿ ಉಣ್ಣೋದು ಬ್ಯಾಡ, ಓಗನ ನಡಿ ಕೂಸು."