ಹಗೇವಿಗೆ ಇಳಿಸಿದ ದೀಪ

ಮೊನ್ನೆ ಸೊಸೆ ಅಡುಗೆಮನೆಯಲ್ಲಿ ಹಳೆಯ ಜೋಳದ ಡಬ್ಬಿ ತೆರೆದಳು. ಆ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ಸುಳ್ಳ ಎಂಬ ಹಳ್ಳಿಯ ಹಗೇವಿನ ಕಾಕಾ ಕಣ್ಣ ಮುಂದೆ ಬಂದು ನಿಂತರು...

ಮೂವತ್ತರ ದಶಕದ ಮಾತು. ನಾನು ಧಾರವಾಡದವ. ಸಮಾಜಶಾಸ್ತ್ರದ ಪದವಿಗಾಗಿ ಹಳ್ಳಿಯ ಬದುಕಿನ ಮೇಲೆ ಪ್ರಬಂಧ ಬರೆಯುತ್ತಿದ್ದೆ. ಮುಂಬಯಿಯ ಗುರುಗಳು ಕೊಟ್ಟ ಪ್ರಶ್ನೆಗಳ ಪಟ್ಟಿ ಹಿಡಿದು ಸುಳ್ಳಕ್ಕೆ ಹೋದೆ.

ನೆಲದೊಳಗೆ ಬಾವಿಯಂತೆ ತೋಡಿ ಜೋಳ ತುಂಬಿಡುವ ಕಣಜವೇ ಹಗೇವು. ಅದನ್ನು ಮುಚ್ಚುವುದು, ತೆಗೆಯುವುದು ಆ ಊರಲ್ಲಿ ಎಲ್ಲರೂ ಕಾಕಾ ಎಂದು ಕರೆಯುತ್ತಿದ್ದ ಹಿರಿಯರ ಕೆಲಸ. ತೆಗೆದಾಗ ಒಳಗೆ ದೀಪ ಇಳಿಬಿಡುತ್ತಾರೆಂದು ಕೇಳಿದ್ದೆ. "ದೇವರಿಗೇನ್ರಿ ಕಾಕಾ?" ಎಂದೆ. "ಹೌದ್ರಿ" ಎಂದರು. ಮೂಢನಂಬಿಕೆ ಎಂದು ಬರೆದುಕೊಂಡೆ. ಎಂಥ ಜಾಣ ನಾನು.

ಮರುದಿನ ಒಂದು ಹಗೇವು ತೆಗೆದರು. ಹಗ್ಗ ಕಟ್ಟಿ ಇಳಿಸಿದ ದೀಪ ನಡುವೆಯೇ ಆರಿತು. ನಾನೋ, ಒಳಗೆ ಇಳಿದು ನೋಡುವ ಹುಮ್ಮಸ್ಸಿನಲ್ಲಿ ಕಾಲು ಚಾಚಿದ್ದೆ. ಕಾಕಾ ರಟ್ಟೆ ಹಿಡಿದು ಹಿಂದಕ್ಕೆ ಜಗ್ಗಿದರು.

"ದೀಪಾ ಆರಿದಲ್ಲೆ ಮನಷ್ಯಾನೂ ಉಳಿಯಾಂಗಿಲ್ರಿ. ಒಳಗಿನ ಗಾಳಿ ಕೆಟ್ಟೈತಿ."

"ಮತ್ತ ನಿನ್ನೆ ದೇವರಿಗೆ ಅಂದ್ರಿ?"

"ನೀವು ಹಂಗ ಕೇಳಿದ್ರಿ. ಕಲ್ತವ್ರಿಗೆ ಇಲ್ಲ ಅನ್ನೂದು ಹ್ಯಾಂಗ್ರಿ?"

ನಾಚಿಕೆಯಿಂದ ಮೈ ಹಿಡಿಯಾಯಿತು. ಪಟ್ಟಿ ಹರಿದು ಹಾಕಿದೆ. ತಿಂಗಳುಗಟ್ಟಲೆ ಅವರೊಂದಿಗೆ ಹಗೇವಿನ ಗೋಡೆಗೆ ಹುಲ್ಲು ಒತ್ತಿದೆ, ಅದರ ಬಾಯಿಗೆ ಮಣ್ಣು ಮೆತ್ತಿದೆ. ಕೇಳುವುದನ್ನು ಬಿಟ್ಟು ಕಲಿತೆ. ಗುರುಗಳು ಮಾತ್ರ ದೀಪದ ಸಂಗತಿಯನ್ನು ಮೂಢನಂಬಿಕೆಗಳ ಅಧ್ಯಾಯಕ್ಕೇ ಹಾಕು ಎಂದು ಎರಡು ಸಲ ಪ್ರಬಂಧ ಮರಳಿಸಿದರು. ಪದವಿ ಹೋದರೆ ಹೋಗಲಿ, ಅದು ವಿದ್ಯೆ, ವಿದ್ಯೆ ಎಂದೇ ಬರೆಯುತ್ತೇನೆ ಎಂದು ಹಟ ಹಿಡಿದೆ. ಮೂರನೆಯ ಸಲವೂ ಹಾಗೆಯೇ ಕಳಿಸಿದೆ. ಕೊನೆಗೆ ಅವರು ಒಪ್ಪಿದರು.

ಆದರೆ ಕಾಕಾ ಒಪ್ಪಬೇಕಲ್ಲ? ಸುಳ್ಳಕ್ಕೆ ಹೋಗಿ, ಅವರ ಕಟ್ಟೆಯ ಮೇಲೆ ಕೂತು, ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದವರು ನಡುವೆ ಕೈ ಎತ್ತಿದರು.

"ಇಲ್ರಿ, ತಪ್ಪೈತಿ. ದೀಪಾ ಒಮ್ಮೆ ಉರದ್ರ ಸಾಲೂದಿಲ್ಲ. ಕಾಳು ಕೆದರಿದ ಮ್ಯಾಲ ಮತ್ತ ಬಿಟ್ಟು ನೋಡಬೇಕು. ತಿದ್ದರಿ."

ಅಲ್ಲೇ ಕೂತು ತಿದ್ದಿದೆ. ಪದವಿ ಬಂದ ದಿನವೂ ನನಗೆ ಅಷ್ಟು ಖುಷಿಯಾಗಲಿಲ್ಲ.

ಕಾಕಾ ತೀರಿಕೊಂಡು ಎಷ್ಟೋ ವರ್ಷವಾಯಿತು. ಹಗೇವುಗಳನ್ನೂ ಜನ ಮಣ್ಣು ತುಂಬಿ ಮುಚ್ಚಿದರು... ಈಗ ನಾನೂ ಹಿರಿಯ, ಕಲಿತವ. ಏನು ಹೇಳಿದರೂ ಎದುರಿಗಿದ್ದವರು ಹೌದ್ರಿ ಎನ್ನುತ್ತಾರೆ. ಆಗೆಲ್ಲ ಕಾಕಾ ಇರಬೇಕಿತ್ತು ಅನಿಸುತ್ತದೆ.