ಬೀಳುವುದನ್ನು ಕಲಿಸುವ ಪಾಲಾಕ್ಷ

ಬೆಳಗಿನ ಐದೂವರೆ. ಹಾಸನದ ಹತ್ತಿರದ ಮೊಸಳೆ ಎಂಬ ಊರಿನ ಶಾಲೆ ಮೈದಾನದಲ್ಲಿ ಅರವತ್ತಮೂರರ ಪಾಲಾಕ್ಷ ಮಣ್ಣಿಗೆ ಬೀಳುತ್ತಿದ್ದಾರೆ. ಎದುರಿಗೆ ಬಿದಿರಿನ ಗಳ ಹಿಡಿದು ನಿಂತವರು ಹಾಲಿನ ಡೈರಿಯ ಕಾರ್ಯದರ್ಶಿ ಮೋಹನ್‌ಕುಮಾರ್. ಗಳ ಭುಜದಿಂದ ಗೇಣು ದೂರದಲ್ಲೇ ಹಾದುಹೋಗುತ್ತದೆ. ಪಾಲಾಕ್ಷ ಮಾತ್ರ ಏಟು ತಿಂದವರಂತೆ ಗಿರ್ರನೆ ತಿರುಗಿ, ಮೊದಲು ಅಂಗೈ, ಆಮೇಲೆ ಪಕ್ಕೆ, ಕೊನೆಗೆ ಬೆನ್ನು ಊರಿ ಉರುಳುತ್ತಾರೆ.

"ನೋಡ್ದಾ ಮೋಹ್ನ? ನೀನ್ ಒಡ್ಯಾಕ್ ಮುಂಚೆ ನಾನ್ ಬೀಳಂಗಿಲ್ಲ. ಒಡದ್ಮೇಲೆ ನಿಂತ್ಕಂಡಿರಂಗೂ ಇಲ್ಲ. ಈಗ ನೀನ್ ಬೀಳು" ಎಂದು ಪಂಚೆ ಕೊಡವಿಕೊಳ್ಳುತ್ತಾರೆ.

ಊರಿನ ಪೌರಾಣಿಕ ನಾಟಕಕ್ಕೆ ಇನ್ನು ಮೂರು ವಾರ. ಗದೆಯ ಕಾಳಗ ಕಲಿಸಲು ಪಾಲಾಕ್ಷ ದಿನವೂ ಹಾಸನದಿಂದ ಟಿವಿಎಸ್ ಮೊಪೆಡ್‌ನಲ್ಲಿ ಬರುತ್ತಾರೆ. ಒಂದು ಕಾಳಗಕ್ಕೆ ಅರವತ್ತನಾಲ್ಕು ಏಟು. ಒಂದು ಬೆಳಗಿಗೆ ಅವರು ಬೀಳುವುದು ಮೂವತ್ತು ಸಲವಾದರೂ. ಎಂಟು ಗಂಟೆಗೆ ಹಾಸನದ ಕಲ್ಯಾಣಮಂಟಪವೊಂದರ ಕಾವಲಿಗೆ ಹಾಜರಾಗಬೇಕು. ನಾಟಕದ ಕರಪತ್ರಗಳಲ್ಲಿ ಅವರ ಹೆಸರು ಇರುವುದಿಲ್ಲ.

ಈ ವಿದ್ಯೆಗೆ ಅವರ ಗುರು ಚೀನೀ ಕುಂಗ್‌ಫೂ ಸಿನಿಮಾಗಳು. ಚನ್ನರಾಯಪಟ್ಟಣದ ಟಾಕೀಸೊಂದರಲ್ಲಿ ಅವರು ಇಪ್ಪತ್ತೆರಡು ವರ್ಷ ಆಪರೇಟರ್ ಆಗಿದ್ದರು. ಕ್ಯಾಬಿನ್‌ನಲ್ಲಿ ಪ್ರೊಜೆಕ್ಟರಿನ ಸದ್ದೇ ಸದ್ದು. ಪರದೆಯ ಮಾತು, ಹೂಂಕಾರ ಯಾವುದೂ ಕಿವಿಗೆ ಬೀಳುತ್ತಿರಲಿಲ್ಲ. ಕಣ್ಣಿಗೆ ಉಳಿದದ್ದು ಮೈ ಮತ್ತು ಲಯ.

"ಆಗಿನ ಫೈಟಲ್ಲಿ ನೆತ್ತಿಯಿಂದ ಪಾದದ್ ಗಂಟ ಇಬ್ರೂ ಕಾಣೋರು ಸಾ. ಮೂರೇಟು, ಒಂದ್ ಗಳಿಗೆ ನಿಲ್ಲೋದು, ಆಮ್ಯಾಕೆ ಐದೇಟು. ಕುಣಿತ ಇದ್ದಂಗೆ. ಈಗಿನ ಪಿಚ್ಚರ್‌ನಾಗೆ ಕಾಲೇ ಕಾಣಕಿಲ್ಲ, ಬರೀ ಕತ್ತರಿ ಆಡ್ಸಿ ಅಂಟ್ಸಿದ್ದು" ಎನ್ನುತ್ತಾರೆ. ಒಂದು ಸಿನಿಮಾದಲ್ಲಿ ಮುದುಕನೊಬ್ಬ ಕೂತ ಮಣೆಯಿಂದ ಏಳದೆಯೇ ನಾಲ್ವರನ್ನು ಎದುರಿಸುವ ದೃಶ್ಯ. ಅದನ್ನು ನೋಡುತ್ತಾ ಮೈಮರೆತು, ಪ್ರೊಜೆಕ್ಟರಿಗೆ ಬೆಳಕು ಕೊಡುವ ಕಾರ್ಬನ್ ಕಡ್ಡಿ ಸರಿಪಡಿಸದೆ ಪರದೆ ಕಪ್ಪಾಗಿ, ಜನರಿಂದ ಬೈಸಿಕೊಂಡಿದ್ದೂ ಇದೆ. "ನಾನ್ ನೋಡ್ತಿದ್ದದ್ದು ಮುದುಕನ್ನಲ್ಲ, ಆ ನಾಲ್ಕ್ ಜನನ. ಅವ್ರು ಸರ್ಯಾಗಿ ಬಿದ್ರೇನೇ ಇವ್ನು ವೀರ."

ಅಂಥ ಬೀಳುವ ಮನುಷ್ಯ ಅವರಿಗೆ ಸಿಕ್ಕಿದ್ದು ನಟರಾಜ್. ಅರಕಲಗೂಡಿನವರು, ಗಾರೆ ಕೆಲಸಕ್ಕೆಂದು ಚನ್ನರಾಯಪಟ್ಟಣಕ್ಕೆ ಬಂದವರು, ಕುಂಗ್‌ಫೂ ಸಿನಿಮಾ ಬಂದರೆ ತಪ್ಪಿಸದವರು. ಟಾಕೀಸಿನ ಹಿಂದಿನ ಮರಳಿನ ಗುಡ್ಡೆಯ ಮೇಲೆ ಇಬ್ಬರೂ ಅಭ್ಯಾಸ ಮಾಡಿದರು. ಐದು ವರ್ಷ ಊರೂರಿನ ನಾಟಕಗಳಲ್ಲಿ ಪಾಲಾಕ್ಷ ಹೊಡೆದರು, ನಟರಾಜ್ ಬಿದ್ದರು.

ಇಪ್ಪತ್ತೈದು ವರ್ಷದ ಹಿಂದೆ, ಹಿರೀಸಾವೆಯಲ್ಲಿ ಹಗಲು ನಾಟಕ. ನಲವತ್ತನೇ ಏಟಿನ ಹೊತ್ತಿಗೆ ಜನ ಸಿಳ್ಳೆ ಹಾಕತೊಡಗಿದರು. ಪಾಲಾಕ್ಷರ ಕೈ ಚುರುಕಾಯಿತು, ಎಣಿಕೆ ತಪ್ಪಿತು, ಮರದ ಗದೆ ನಟರಾಜ್‌ ಅವರ ಬಲಮೊಣಕೈಗೆ ಬಿತ್ತು. ಅವರು ಬಿದ್ದ ರೀತಿಗೆ ಜನ ಎದ್ದು ನಿಂತು "ಒನ್ಸ್ ಮೋರ್" ಎಂದರು.

ಕಥೆ ಇಲ್ಲಿಗೆ ಬಂದಾಗ ಪಾಲಾಕ್ಷ ನನ್ನ ಕಡೆ ನೋಡುವುದಿಲ್ಲ. "ಅವನ್ ಮುಖ ನೋಡ್ದೆ. ಕೈ ಮುರಿದೈತೆ ಅಂತ ಗೊತ್ತಾಯ್ತು. ಆದ್ರೂ ಗದೆ ಎತ್ತಿದೆ ಸಾ. ಅವ್ನೂ ಎದ್ದು ನಿಂತು, ಇನ್ನೊಂದ್ಸಲ ಬಿದ್ದ. ಹಾರ ನನ್ ಕೊರಳ್ಗೆ ಹಾಕುದ್ರು."

ಮೂಳೆ ಸೊಟ್ಟಗೆ ಕೂಡಿಕೊಂಡಿತು. ಬಲಗೈ ಮಡಚಲು ಬಾರದ ನಟರಾಜ್ ಗಾರೆ ಕೆಲಸ ಬಿಟ್ಟು ಅರಕಲಗೂಡಿಗೆ ಮರಳಿದರು. ಪಾಲಾಕ್ಷ ಮತ್ತೆ ಬಣ್ಣ ಹಚ್ಚಲಿಲ್ಲ, ಕಲಿಸುವುದಷ್ಟೇ ಉಳಿಯಿತು. ಗೆಳೆಯನ ಮನೆಗೆ ಹೋಗುವ ಧೈರ್ಯ ಬಂದದ್ದು ಕಳೆದ ವರ್ಷ.

ಅರಕಲಗೂಡಿನ ಬೀಡಾ ಅಂಗಡಿಯಲ್ಲಿ ಕೂತ ನಟರಾಜ್ ಎಡಗೈಯಲ್ಲಿ ಎಲೆಗೆ ಸುಣ್ಣ ಸವರುತ್ತಾ ಹೇಳುತ್ತಾರೆ: "ಏಟು ಬೀಳ್ತದೆ ಬುಡಿ, ಅದು ಕೆಲ್ಸ. ಒನ್ಸ್ ಮೋರ್ ಅಂದಾಗ ಅವ್ನು ಬ್ಯಾಡ ಅನ್ಬೋದಿತ್ತು. ಓದ್ವರ್ಷ ಬಂದು ತಪ್ಪಾಯ್ತು ಅಂದ. ಕಾಪಿ ಕೊಟ್ಟೆ. ಈಗ್ಲೂ ಬತ್ತಾನೆ, ಪಿಚ್ಚರ್ ಮಾತಾಡ್ತೀವಿ. ಆ ಒನ್ಸ್ ಮೋರ್ ಒಂದ್ ಬುಟ್ಟು."

ಮೊಸಳೆಯಲ್ಲಿ ಬಿಸಿಲೇರಿದೆ. ಮೊಪೆಡ್ ಸ್ಟ್ಯಾಂಡ್ ತೆಗೆಯುತ್ತಾ ಪಾಲಾಕ್ಷ ತಾವಾಗಿಯೇ ಹೇಳುತ್ತಾರೆ: "ಅಲ್ಲಿಂದೀಚೆಗೆ ಮುನ್ನೂರು ಜನಕ್ಕೆ ಕಲ್ಸಿವ್ನಿ. ಒಬ್ಬರ್ಗೂ ಒಂದ್ ಗಾಯ ಆಗಿಲ್ಲ. ಇದನ್ನ ನಟರಾಜಂಗೆ ಹೇಳ್ಬೇಕು ಅಂತ್ಲೇ ಅವತ್ತು ಅವ್ನ್ ಮನೆಗೆ ಹೋದೆ. ಎಡಗೈಲಿ ಕಾಪಿ ಲೋಟ ಹಿಡ್ಕಂಡ್ ಬಂದ. ಆ ಲೆಕ್ಕ ಬುಟ್ಟು ತಪ್ಪಾಯ್ತು ಅಂದೆ ಸಾ."